ಮಕ್ಕಳ ಮೇಷ್ಟ್ರು ಪಂಜೆ ಮಂಗೇಶರಾಯರು

ಪರದೇಶದಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಕನ್ನಡ ಕಲಿಸಲು ಹೊರಟಾಗ ನಾವು ಮೊದಲು ಹಿಡಿಯುವುದು ಹಾವಿನ ಹಾಡನ್ನು. ಅದನ್ನು ಬರೆದ ಪಂಜೆಯವರ ಮನೆಮಾತು ಕನ್ನಡವಲ್ಲ, ಕೊಂಕಣಿ ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

1874ರಲ್ಲಿ ಬಂಟ್ವಾಳದಲ್ಲಿ ಜನನ. ಮನೆಯಲ್ಲಿ ಕೊಂಕಣಿ, ಊರಿನಲ್ಲಿ ತುಳು. ಕನ್ನಡ ಶಾಲೆಯ ಭಾಷೆ. ಹಾಗಾಗಿಯೇ ಕಲಿಯುವ ಮಗುವಿನ ತೊಡಕು ಅವರಿಗೆ ಅಷ್ಟು ಚೆನ್ನಾಗಿ ತಿಳಿದಿತ್ತೆಂದು ನಮಗನಿಸುತ್ತದೆ. ಮಂಗಳೂರಿನಲ್ಲಿ ಕನ್ನಡ ಪಂಡಿತರಾಗಿ ಕೆಲಸಕ್ಕೆ ಸೇರಿದ ಅವರು ಮುಂದೆ ಶಾಲಾ ಇನ್‌ಸ್ಪೆಕ್ಟರರಾದರು. ಆ ಕಾಲದಲ್ಲಿ ಇನ್‌ಸ್ಪೆಕ್ಟರು ಬಂದರೆಂದರೆ ಮಕ್ಕಳಿಗಿಂತ ಮೇಷ್ಟ್ರಿಗೇ ನಡುಕ! ಪಂಜೆಯವರೋ ಮಕ್ಕಳ ನಡುವೆ ನಿಂತು ಹಾಡುತ್ತಿದ್ದರು, ಕತೆ ಹೇಳುತ್ತಿದ್ದರು. ಅವರ ಪದ್ಯಗಳಲ್ಲಿ ಇಂದಿಗೂ ಕುಣಿತವಿರುವುದು ಸುಮ್ಮನೆ ಅಲ್ಲ. ಅವು ತರಗತಿಯಲ್ಲಿ ಬಾಯಿಂದ ಬಾಯಿಗೆ ಹೋಗಬೇಕಾದವು. ಒಡ್ಡನ ಓಟ, ಗುಡುಗುಡು ಗುಮ್ಮಟ ದೇವರಂಥ ಕತೆಗಳೂ ಹಾಗೆಯೇ, ಓದುವುದಕ್ಕಿಂತ ಹೇಳುವುದಕ್ಕೆ ಸೊಗಸು. 1921ರಲ್ಲಿ ಮಂಗಳೂರಿನಲ್ಲಿ ಬಾಲ ಸಾಹಿತ್ಯ ಮಂಡಲ ಸ್ಥಾಪಿಸಿ ಮಕ್ಕಳ ಪುಸ್ತಕಗಳನ್ನು ಹೊರತಂದರು.

ಬಳಿಕ ಮಡಿಕೇರಿಯಲ್ಲಿ ಹೆಡ್‌ಮಾಸ್ಟರಾದರು. ಹೋದ ಊರನ್ನೇ ತಮ್ಮದಾಗಿಸಿಕೊಳ್ಳುವ ಗುಣ ನೋಡಿ: ಹೊರಗಿನಿಂದ ಬಂದ ಈ ಮೇಷ್ಟ್ರು ಬರೆದ ಹುತ್ತರಿ ಹಾಡನ್ನು ಕೊಡಗಿನವರು ತಮ್ಮ ನಾಡಗೀತೆಯಂತೆ ಹಾಡಿಕೊಂಡು ಬಂದಿದ್ದಾರೆ.

ತಮ್ಮ ಹೆಸರಿನ ಬದಲು ಅವರು ಬಳಸುತ್ತಿದ್ದ ಕಾವ್ಯನಾಮ ‘ಕವಿಶಿಷ್ಯ’. ಊರೂರು ಸುತ್ತಿ ಕಲಿಸಿದವರು ತಮ್ಮನ್ನು ಕರೆದುಕೊಂಡದ್ದು ಶಿಷ್ಯನೆಂದು! ಅದಕ್ಕೇ ಇರಬೇಕು, ನಮ್ಮ ಮಕ್ಕಳಿಗೆ ಹಾಡು ಬಾಯಿಪಾಠ, ಬರೆದವರ ಹೆಸರು ತಿಳಿಯದು. ಕನ್ನಡ ನಾಡು ಮಾತ್ರ ಮರೆಯಲಿಲ್ಲ. 1934ರ ರಾಯಚೂರು ಸಾಹಿತ್ಯ ಸಮ್ಮೇಳನಕ್ಕೆ ಅವರನ್ನೇ ಅಧ್ಯಕ್ಷರನ್ನಾಗಿ ಆರಿಸಿತು. ಮೂರು ವರ್ಷಗಳ ನಂತರ, 1937ರಲ್ಲಿ, ಹುಟ್ಟೂರಿನಿಂದ ದೂರದ ಹೈದರಾಬಾದಿನಲ್ಲಿ ಅವರು ತೀರಿಕೊಂಡರು.