ಘಟ್ಟವೇರಿದ ಗಾಲಿ

ನೆರಿಯದಲ್ಲಿ ನಿಂತು ಮೂಡಣಕ್ಕೆ ಮೊಗಮಾಡಿದವನಿಗೆ ಕಾಣುವುದು ಪಶ್ಚಿಮ ಘಟ್ಟದ ಗೋಡೆ. ಅಡಕೆಯ ತೋಟ, ತೋಟದ ಅಂಚಿಗೆ ಹೊಳೆ, ಹೊಳೆಯಾಚೆ ಕಾಡು, ಕಾಡಿನ ಮೇಲೆ ಮಂಜು. ಅಲ್ಲಿಗೆ ಕರಾವಳಿ ಮುಗಿದು ಮಲೆನಾಡು ತೊಡಗುತ್ತದೆ. ಅನತಿದೂರದಲ್ಲಿ ಚಾರ್ಮಾಡಿಯ ದಾರಿ ಸುತ್ತಿ ಸುತ್ತಿ ಕೊಟ್ಟಿಗೆಹಾರಕ್ಕೆ ಏರುತ್ತದೆ. ಮಂಗಳೂರಿನಿಂದ ಹಾಸನದ ಮಾರ್ಗವಾಗಿ ಬೆಂಗಳೂರಿಗೆ ಸಾಗುವ ಎಣ್ಣೆಯ ಕೊಳವೆ ಕೂಡ ನೆರಿಯಕ್ಕೆ ಬಂದಾಗ ಒಂದು ಪಂಪಿನ ಆಸರೆಯನ್ನು ಬೇಡುತ್ತದೆ. ಕೆಳಗಿನಿಂದ ಬಂದ ಬಲವೊಂದೇ ಘಟ್ಟವೇರಲು ಸಾಲದು. ಬುಡದಲ್ಲಿ ಮತ್ತೊಮ್ಮೆ ಯಾರಾದರೂ ಕೈಗೊಡಬೇಕು.

ಯಂತ್ರಕ್ಕೇ ಈ ಪಾಡಾದರೆ, ಎರಡು ಕಾಲುಗಳನ್ನು ನಂಬಿ ಸೈಕಲ್ಲಿನ ಮೇಲೆ ಹೊರಟ ಮನುಷ್ಯನ ಪಾಡೇನು? ನಮ್ಮ ಕಡೆಯಲ್ಲಿ ಸೈಕಲ್ಲು ಮೀನು ಮಾರುವವನದು, ಅಂಚೆಯವನದು, ಶಾಲೆಗೆ ಹೋಗುವ ಹುಡುಗನದು. ಏರು ಬಂದೊಡನೆ ಇಳಿದು ನೂಕುವುದು ಅದರ ಧರ್ಮ. ಹೀಗಿರುತ್ತ, ಕೆಲಸವೇನೂ ಇಲ್ಲದೆ ಕೇವಲ ಏರುವುದಕ್ಕಾಗಿಯೇ ಏರುವವರೂ ಲೋಕದಲ್ಲಿ ಇದ್ದಾರೆ. ಅವರ ಹುಚ್ಚಿಗೆ ಒಂದು ತತ್ತ್ವವನ್ನೂ ಒಂದು ಉಪಕರಣವನ್ನೂ ಒದಗಿಸಿಕೊಟ್ಟವನು ಫ್ರಾನ್ಸಿನ ಪೋಲ್ ದ ವಿವೀ. ‘ವೆಲೋಸಿಯೊ’ ಎಂಬ ಲೇಖನನಾಮದಿಂದಲೇ ಆತ ಪ್ರಸಿದ್ಧನಾದ.

ಆತ ಹುಟ್ಟಿದ್ದು 1853ರಲ್ಲಿ, ದಕ್ಷಿಣ ಫ್ರಾನ್ಸಿನ ಪೆರ್ನ್ ಎಂಬ ಊರಿನಲ್ಲಿ. ಬೆಳೆದು ರೇಷ್ಮೆಯ ವ್ಯಾಪಾರಕ್ಕೆ ಇಳಿದು ಸೇಂತ್ ಎತಿಯೆನ್ ನಗರದಲ್ಲಿ ನೆಲೆನಿಂತ. ಕಲ್ಲಿದ್ದಲು, ಬಂದೂಕು, ರೇಷ್ಮೆಯ ಪಟ್ಟಿ ಇವುಗಳಿಗೆ ಹೆಸರಾದ ಆ ನಗರವನ್ನು ಬೆಟ್ಟಗಳು ಸುತ್ತುವರಿದಿವೆ. ಊರು ಬಿಟ್ಟು ಹೊರಟವನಿಗೆ ಏರು ತಪ್ಪಿದ್ದಲ್ಲ. ವಿವೀಗೆ ಓದಿನ ರುಚಿ ಇತ್ತು. ಮುಂದೆ ಮುಪ್ಪಿನಲ್ಲಿ ಕೂಡ ರೋಮಿನ ಹಳೆಯ ತತ್ತ್ವಜ್ಞರ ಗ್ರಂಥಗಳು ಆತನ ಒಡನಾಡಿಗಳಾಗಿದ್ದವು. ಇಂಥ ಸದ್ಗೃಹಸ್ಥ ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, 1881ರಲ್ಲಿ, ಒಂದು ಸೈಕಲ್ಲನ್ನು ಕೊಂಡ. ಮುಂದಿನ ಗಾಲಿ ಆಳೆತ್ತರ, ಹಿಂದಿನದು ಗೇಣೆತ್ತರ ಎಂಬಂತಿದ್ದ ಅಂದಿನ ವಾಹನ ಅದು. ಗೆಳೆಯರ ಪಂತಕ್ಕೆ ಕಟ್ಟುಬಿದ್ದು ಆರು ಗಂಟೆಗಳಲ್ಲಿ 100 ಕಿಲೋಮೀಟರ್ ತುಳಿದು ಬೆಟ್ಟದ ಮೇಲಣ ಒಂದು ಊರನ್ನು ಸೇರಿದನೆಂದೂ, ಆ ದಿನದ ಗಾಳಿ ಬೆಳಕುಗಳೇ ಆತನ ಬಾಳನ್ನು ತಿರುಗಿಸಿದವೆಂದೂ ಹೇಳುತ್ತಾರೆ. 1887ರಲ್ಲಿ ರೇಷ್ಮೆಯ ವ್ಯವಹಾರವನ್ನು ಮಾರಿ, ಇಂಗ್ಲೆಂಡಿನ ಕವೆಂಟ್ರಿಯಿಂದ ಸೈಕಲ್ಲುಗಳನ್ನು ತರಿಸಿ ಮಾರುವ ಅಂಗಡಿಯನ್ನು ತೆರೆದ. ಜೊತೆಯಲ್ಲೇ ಒಂದು ಪತ್ರಿಕೆಯನ್ನೂ ಹೊರಡಿಸಿದ. ‘ಲ ಸಿಕ್ಲಿಸ್ತ್’ ಎಂದು ಹೆಸರಾದ ಆ ಪತ್ರಿಕೆ ಮುಂದೆ ನಾಲ್ಕು ದಶಕಗಳ ಕಾಲ ಆತನ ವ್ಯಾಸಪೀಠವಾಯಿತು.

ಸೇಂತ್ ಎತಿಯೆನ್ನಿನ ದಕ್ಷಿಣಕ್ಕೆ 1161 ಮೀಟರ್ ಎತ್ತರದಲ್ಲಿ ‘ಕಾಲ್ ದ ಲಾ ರೆಪುಬ್ಲೀಕ್’ ಎಂಬ ಘಟ್ಟದ ನೆತ್ತಿ ಇದೆ. ಒಂದು ದಿನ ವಿವೀ ಏದುತ್ತ ಆ ದಾರಿಯನ್ನು ಏರುತ್ತಿದ್ದಾಗ, ಆತನ ಓದುಗನೇ ಆದ ಒಬ್ಬಾತ ಬಾಯಲ್ಲಿ ಪೈಪು ಕಚ್ಚಿ ಹೊಗೆ ಬಿಡುತ್ತ ಮುಂದೆ ಹಾದುಹೋದನೆಂಬ ಕಥೆ ಇದೆ. ಅನ್ಯರಾಗಿದ್ದರೆ ಅದನ್ನು ಅವಮಾನವೆಂದು ಬಗೆದು ಹಲ್ಲುಕಚ್ಚಿ ತುಳಿಯುತ್ತಿದ್ದರು. ವಿವೀ ಯೋಚನೆಗೆ ತೊಡಗಿದ. ಬಯಲಿನಲ್ಲಿ ವೇಗವಾಗಿ ಹೋಗಬೇಕಾದರೆ ದೊಡ್ಡ ಗಿಯರು ಬೇಕು. ಅದೇ ಗಿಯರಿನಲ್ಲಿ ಬೆಟ್ಟವೇರಲಾಗದು. ಬೆಟ್ಟಕ್ಕೆ ತಕ್ಕ ಗಿಯರಿಟ್ಟರೆ ಬಯಲಿನಲ್ಲಿ ಕಾಲು ಬರಿದೆ ತಿರುಗುತ್ತದೆ. ಹಾಗಾದರೆ ಒಂದೇ ಸೈಕಲ್ಲಿನಲ್ಲಿ ಎರಡೂ ಏಕೆ ಇರಬಾರದು?

ಲೆಕ್ಕ ಸುಲಭವಾದುದು. ಮುಂದಿನ ಚಕ್ರದಲ್ಲಿ 48 ಹಲ್ಲು, ಹಿಂದಿನದರಲ್ಲಿ 16 ಇದ್ದರೆ, ಪೆಡಲು ಒಮ್ಮೆ ಸುತ್ತುವಾಗ ಗಾಲಿ ಮೂರು ಸುತ್ತು ಸುತ್ತುತ್ತದೆ. ಸಾಮಾನ್ಯ ಗಾಲಿಯಾದರೆ ಸುಮಾರು 6.6 ಮೀಟರ್ ದಾರಿ ಸವೆಯುತ್ತದೆ. ಎರಡೂ ಕಡೆ ಹಲ್ಲುಗಳು ಸಮವಾಗಿದ್ದರೆ ಒಂದು ಸುತ್ತಿಗೆ 2.2 ಮೀಟರ್ ಮಾತ್ರ. ಏರಬೇಕಾದ ಎತ್ತರ ಕಡಮೆಯಾಗಲಿಲ್ಲ, ಒಟ್ಟು ದುಡಿಮೆಯೂ ಕಡಮೆಯಾಗಲಿಲ್ಲ. ಆದರೆ ಒಂದೇ ಸಲಕ್ಕೆ ಹೊರಲಾಗದ ಮೂಟೆಯನ್ನು ಮೂರು ಪಾಲು ಮಾಡಿದಂತಾಯಿತು.

ವಿವೀ ಮೊದಲು ಮುಂದುಗಡೆ ಎರಡು ಚಕ್ರಗಳನ್ನು ಒತ್ತಿಗೊತ್ತಾಗಿ ಇರಿಸಿದ. ಏರು ಬಂದಾಗ ಇಳಿದು ಕೈಯಿಂದ ಚೈನನ್ನು ಒಂದರಿಂದ ಮತ್ತೊಂದಕ್ಕೆ ಎತ್ತಿಹಾಕಬೇಕಾಗಿತ್ತು. ಬಳಿಕ ಎಡಬದಿಯಲ್ಲೂ ಅಂಥದೇ ಜೋಡಿಯನ್ನು ಕೂಡಿಸಿ ನಾಲ್ಕು ಗಿಯರು ಮಾಡಿದ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ, ಇಳಿಯದೆಯೇ ಚೈನನ್ನು ಪಕ್ಕಕ್ಕೆ ಸರಿಸುವ ‘ಡಿರೇಲಿಯರ್’ ಸಾಧನ ರೂಪುಗೊಂಡಿತು. ಅದನ್ನು ಕಂಡುಹಿಡಿದವನು ಆತನೊಬ್ಬನೇ ಎನ್ನಲಾಗದು. ಹಲವು ಕುಶಲಿಗಳ ಕೈ ಅದರಲ್ಲಿತ್ತು. ಆದರೆ ಜನ ನಗುತ್ತಿದ್ದ ಕಾಲದಲ್ಲಿ ಅದನ್ನು ತಾನೇ ತುಳಿದು, ಪರೀಕ್ಷಿಸಿ, ಬರೆದು, ವಾದಿಸಿ ಬದುಕಿಸಿದವರಲ್ಲಿ ಆತ ಅಗ್ರಗಣ್ಯ.

ನಕ್ಕವರೂ ಸಾಮಾನ್ಯರಲ್ಲ. 1903ರಲ್ಲಿ ‘ಟೂರ್ ದ ಫ್ರಾನ್ಸ್’ ಪಂದ್ಯವನ್ನು ಆರಂಭಿಸಿದ ಪತ್ರಿಕಾಸಂಪಾದಕ ಆಂರಿ ದೆಗ್ರಾಂಜ್ ಆತನ ಪ್ರಬಲ ಪ್ರತಿವಾದಿ. 1902ರಲ್ಲಿ ನಡೆದ ಒಂದು ಪರೀಕ್ಷೆಯಲ್ಲಿ ಮಾರ್ತ್ ಎಸ್ ಎಂಬ ಮಹಿಳೆ ಮೂರು ಗಿಯರುಗಳ ಸೈಕಲ್ಲಿನ ಮೇಲೆ ಬೆಟ್ಟದ ದಾರಿಯನ್ನೆಲ್ಲ ನೆಲಕ್ಕೆ ಕಾಲೂರದೆ ಕ್ರಮಿಸಿದಳು. ಒಂದೇ ಗಿಯರಿನ ಪಂದ್ಯವೀರ ಆಕೆಗೆ ಹಿಂದಾದ. ದೆಗ್ರಾಂಜ್ ಇದರಿಂದ ಕರಗಲಿಲ್ಲ. ಗಿಯರು ನಲವತ್ತೈದು ದಾಟಿದವರಿಗೆ ಮಾತ್ರ ತಕ್ಕುದೆಂದೂ, ಯಂತ್ರದ ಕುಟಿಲದಿಂದ ಗೆಲ್ಲುವುದಕ್ಕಿಂತ ತೋಳ್ಬಲ ತೊಡೆಬಲಗಳಿಂದ ಗೆಲ್ಲುವುದೇ ಗಂಡಸುತನವೆಂದೂ ಆತನ ಮತ. ಆತನ ಪಂದ್ಯದಲ್ಲಿ ಡಿರೇಲಿಯರಿಗೆ ಪ್ರವೇಶ ದೊರೆತದ್ದು 1937ರಲ್ಲಿ. ವಿವೀ ತೀರಿಕೊಂಡು ಏಳು ವರ್ಷಗಳಾದ ಮೇಲೆ.

ಇದು ಬರಿಯ ಹಲ್ಲು ಚೈನುಗಳ ಜಗಳವಲ್ಲ. ಬೆಟ್ಟ ಯಾರದು ಎಂಬುದೇ ಇಲ್ಲಿಯ ಪ್ರಶ್ನೆ. ದೆಗ್ರಾಂಜನಿಗೆ ಬೆಟ್ಟ ವೀರನನ್ನು ಹೆಕ್ಕಿ ತೆಗೆಯುವ ಜರಡಿ. ಹೆಚ್ಚು ಜನ ಕೆಳಗುದುರಿದಷ್ಟೂ ಅದರ ಮಹಿಮೆ ಹೆಚ್ಚು. ವಿವೀಗಾದರೋ ಬೆಟ್ಟ ಎಲ್ಲರಿಗೂ ತೆರೆದ ದೇಗುಲ. ಹೆಂಗಸು, ಮುದುಕ, ಗುಮಾಸ್ತ, ಅಧ್ಯಾಪಕ, ಯಾರೇ ಆಗಲಿ ತನ್ನ ಅಳವಿಗೆ ತಕ್ಕ ಹೆಜ್ಜೆಯಲ್ಲಿ ನೆತ್ತಿಯನ್ನು ಮುಟ್ಟಬಹುದು. ಆಸರೆ ಪಡೆಯುವುದು ನಾಚಿಕೆಯಲ್ಲ. ಆಸರೆ ಪಡೆದೂ ತುಳಿಯಬೇಕಾದವನು ತಾನೇ ಅಲ್ಲವೆ?

ಆತನ ಬದುಕು ಈ ಮತಕ್ಕೆ ಒಪ್ಪುವಂತಿತ್ತು. ಆತ ಶಾಕಾಹಾರಿ, ದೇಶದೇಶಗಳ ಜನ ಒಂದೇ ನುಡಿಯಲ್ಲಿ ಮಾತಾಡಲೆಂದು ಹುಟ್ಟಿದ ಎಸ್ಪೆರಾಂತೊ ಭಾಷೆಯ ಅಭಿಮಾನಿ. ಈಸ್ಟರ್ ಹಬ್ಬಕ್ಕೆ ಶಿಷ್ಯರೊಡನೆ ತನ್ನ ಹುಟ್ಟುನಾಡಾದ ಪ್ರೊವಾನ್ಸಿನ ಕಡೆಗೆ ಹೊರಡುವುದು ಆತನ ವ್ರತ. ಇರುಳೆಲ್ಲ ತುಳಿದು, ಬೆಳಗಿನ ಮೊದಲ ಕಿರಣ ಮಲೆಯ ತುದಿಗೆ ತಾಗುವುದನ್ನು ಕಂಡು, ಮರಳಿ ಬಂದು ಪತ್ರಿಕೆಯಲ್ಲಿ ಬರೆಯುತ್ತಿದ್ದ. ಸವಾರರಿಗೆಂದು ಆತ ಹಾಕಿಕೊಟ್ಟ ಏಳು ನಿಯಮಗಳು ಇಂದಿಗೂ ಹಳತಾಗಿಲ್ಲ. ತಂಗುವುದು ವಿರಳವಾಗಿರಲಿ, ಹ್ರಸ್ವವಾಗಿರಲಿ. ಹಸಿಯುವ ಮೊದಲೇ ಉಣ್ಣಬೇಕು, ಬಾಯಾರುವ ಮೊದಲೇ ಕುಡಿಯಬೇಕು. ಉಣಿಸಿಗೂ ನಿದ್ರೆಗೂ ಮನಸ್ಸೊಲ್ಲದಷ್ಟು ದಣಿಯಬಾರದು. ಚಳಿ ಹತ್ತುವ ಮೊದಲೇ ಹೊದೆಯಬೇಕು, ಬೆವರುವ ಮೊದಲೇ ಕಳಚಬೇಕು. ದಾರಿಯಲ್ಲಿ ಮದ್ಯ, ಮಾಂಸ, ಹೊಗೆಸೊಪ್ಪು ಬೇಡ. ಮೊದಲ ಗಂಟೆಗಳಲ್ಲಿ ಬಲವನ್ನು ಮೀರಿ ತುಳಿಯಬಾರದು. ಇಷ್ಟು ಆರು, ದೇಹಕ್ಕೆ. ಏಳನೆಯದು ಮನಸ್ಸಿಗೆ: ಜಂಬಕ್ಕಾಗಿ ಎಂದೂ ತುಳಿಯಬಾರದು.

1922ರಿಂದ ಅಭಿಮಾನಿಗಳು ಆತನ ಹೆಸರಿನಲ್ಲಿ ಒಂದು ದಿನವನ್ನು ಮೀಸಲಿಟ್ಟು ಅದೇ ಘಟ್ಟವನ್ನು ಕೂಡಿ ಏರತೊಡಗಿದರು. 1930ರಲ್ಲಿ ಒಂದು ದಿನ ಸೇಂತ್ ಎತಿಯೆನ್ನಿನ ಬೀದಿಯಲ್ಲಿ ಸೈಕಲ್ಲನ್ನು ನೂಕಿಕೊಂಡು ದಾಟುತ್ತಿದ್ದ ಎಪ್ಪತ್ತಾರರ ಆ ವೃದ್ಧನಿಗೆ ಟ್ರಾಮು ಬಡಿಯಿತು, ಆತ ಬದುಕುಳಿಯಲಿಲ್ಲ. ಅಷ್ಟೊಂದು ಇರುಳುಗಳ ಕಗ್ಗತ್ತಲೆಯಲ್ಲಿ ಪ್ರಪಾತದಂಚಿನಲ್ಲಿ ಇಳಿದವನನ್ನು ಕೊನೆಗೆ ತನ್ನ ಊರಿನ ಸಮನೆಲ ಬಲಿಗೊಂಡಿತು. ಘಟ್ಟದ ನೆತ್ತಿಯಲ್ಲಿ ಆತನ ಸ್ಮಾರಕವಿದೆ.

ಈಗ ಚಾರ್ಮಾಡಿಯ ತಿರುವುಗಳಲ್ಲಿಯೂ ಗಿಯರಿನ ಸೈಕಲ್ಲುಗಳು ಆಗಾಗ ಕಾಣಸಿಗುತ್ತವೆ. ಲಾರಿಗಳು ಗೊರಗೊರ ಸದ್ದುಮಾಡುತ್ತ ಹಾದುಹೋಗುತ್ತವೆ, ಮಂಜು ರಸ್ತೆಗಿಳಿಯುತ್ತದೆ, ಸವಾರ ತಲೆತಗ್ಗಿಸಿ, ಬೆರಳಿನಿಂದ ಒಂದು ಗುಂಡಿಯನ್ನೊತ್ತಿ ಗಿಯರನ್ನು ಇಳಿಸುತ್ತಾನೆ. ಚೈನು ಕಟಕ್ಕೆಂದು ಹಲ್ಲು ಬದಲಿಸುತ್ತದೆ. ಆ ಸಣ್ಣ ಸದ್ದಿನ ಹಿಂದೆ ಒಬ್ಬ ಮನುಷ್ಯನ ನಾಲ್ಕು ದಶಕಗಳ ವಾದವಿದೆ ಎಂಬುದು ಅವನಿಗೆ ತಿಳಿದಿರಬೇಕೆಂದೇನೂ ಇಲ್ಲ. ಆದರೆ ಕೊಟ್ಟಿಗೆಹಾರದಲ್ಲಿ ಇಳಿದು, ಬಿಸಿಬಿಸಿ ನೀರುದೋಸೆಯ ಮುಂದೆ ಕುಳಿತು, ತಾನೆಷ್ಟು ಬೇಗ ಏರಿದೆನೆಂದು ಹೇಳಿಕೊಳ್ಳುವ ಆಸೆ ನಾಲಗೆಯ ತುದಿಗೆ ಬಂದಾಗ, ಅವನಿಗೆ ಆ ಏಳನೆಯ ನಿಯಮವೊಂದು ನೆನಪಾದರೆ ಸಾಕು.