ಎರಡು ದಿರಿಸುಗಳ ದೀನ್ ಮಹಮ್ಮದ್

ಜಾಗತೀಕರಣದ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆ ಸಾಮಾನ್ಯವಾಗಿ 1991ರಿಂದ ಆರಂಭವಾಗುತ್ತದೆ. ಆರ್ಥಿಕ ಉದಾರೀಕರಣ, ಅದರ ಬೆನ್ನಿಗೇ ಬಂದ ವಿದೇಶಿ ವಾಹಿನಿಗಳು, ಮಾಹಿತಿ ತಂತ್ರಜ್ಞಾನ, ವಲಸೆ ಇವೆಲ್ಲ ಸೇರಿ ನಮ್ಮ ಸಂಸ್ಕೃತಿಯನ್ನು ಕಲಬೆರಕೆಗೊಳಿಸಿದವು ಎಂದು ಒಂದು ವರ್ಗ ಆತಂಕಪಡುತ್ತದೆ. ಸಂಕರದಿಂದಲೇ ಹೊಸತು ಹುಟ್ಟುತ್ತದೆ ಎಂದು ಇನ್ನೊಂದು ವರ್ಗ ಸಂಭ್ರಮಿಸುತ್ತದೆ. ಈ ಎರಡೂ ವಾದಗಳ ಹಿಡಿತಕ್ಕೆ ಸಿಗದ ಬದುಕೊಂದು ಎರಡೂವರೆ ಶತಮಾನದಷ್ಟು ಹಿಂದೆಯೇ ಪಟ್ನಾದಲ್ಲಿ ಆರಂಭವಾಗಿ, ಇಂಗ್ಲೆಂಡಿನ ಕಡಲತೀರದಲ್ಲಿ ಕೊನೆಗೊಂಡಿತು. ನಮ್ಮ ಬಚ್ಚಲುಮನೆಗಳಲ್ಲಿರುವ ಶಾಂಪೂವಿನ ಹೆಸರು ಇಂಗ್ಲಿಷರ ಬಾಯಲ್ಲಿ ನೆಲೆಯೂರುವಂತೆ ಮಾಡಿದವರಲ್ಲಿ ಪ್ರಮುಖನಾದ ಶೇಖ್ ದೀನ್ ಮಹಮ್ಮದನ ಬದುಕು ಅದು.

ದೀನ್ ಮಹಮ್ಮದ್ ಹುಟ್ಟಿದ್ದು 1759ರಲ್ಲಿ, ಪ್ಲಾಸಿ ಕದನ ಮುಗಿದ ಎರಡು ವರ್ಷಗಳ ನಂತರ. ತಂದೆ ಈಸ್ಟ್ ಇಂಡಿಯಾ ಕಂಪೆನಿಯ ಬಂಗಾಳ ಸೇನೆಯಲ್ಲಿದ್ದರು. ಕಂದಾಯ ವಸೂಲಿಗಾಗಿ ನಡೆದ ಸಂಘರ್ಷವೊಂದರಲ್ಲಿ ಪ್ರಾಣ ಕಳೆದುಕೊಂಡರು. ಆಗ ಬಾಲಕನಿಗೆ ಹತ್ತು ವರ್ಷದ ಆಸುಪಾಸು. ತಾಯಿಗೆ ಮನಸ್ಸಿಲ್ಲದಿದ್ದರೂ ಆತ ಗಾಡ್‌ಫ್ರಿ ಬೇಕರ್ ಎಂಬ ಐರಿಶ್ ಅಧಿಕಾರಿಯ ಬೆನ್ನುಹತ್ತಿ ಸೇನೆಯ ಶಿಬಿರ ಸೇರಿದ. ತಂದೆಯನ್ನು ಬಲಿ ತೆಗೆದುಕೊಂಡ ಕಂಪೆನಿಯೇ ಮಗನ ಆಶ್ರಯವೂ ಆಯಿತು. ಮುಂದೆ ಆತ ಸುಬೇದಾರ್ ಹುದ್ದೆಗೇರಿದ. 1782ರಲ್ಲಿ ಬೇಕರ್ ಸೇನೆ ತೊರೆದಾಗ ತಾನೂ ತೊರೆದು, 1784ರಲ್ಲಿ ಆತನೊಂದಿಗೆ ಐರ್ಲೆಂಡಿನ ಕಾರ್ಕ್ ಪಟ್ಟಣಕ್ಕೆ ಬಂದ. ಮತ್ತೆಂದೂ ಭಾರತಕ್ಕೆ ಮರಳಲಿಲ್ಲ.

ಕಾರ್ಕ್‌ನಲ್ಲಿ ಆತ ಇಂಗ್ಲಿಷ್ ಕಲಿತ. 1786ರಲ್ಲಿ ಜೇನ್ ಡೇಲಿ ಎಂಬ ಐರಿಶ್ ಯುವತಿಯೊಂದಿಗೆ ಓಡಿಹೋಗಿ ಮದುವೆಯಾದ. ಪ್ರೊಟೆಸ್ಟೆಂಟ್ ಕ್ರೈಸ್ತಧರ್ಮವನ್ನು ಸ್ವೀಕರಿಸಿದ. ಹೆಸರನ್ನು ಮಾತ್ರ ಬದಲಿಸಲಿಲ್ಲ. 1794ರಲ್ಲಿ ತನ್ನ ಸೈನಿಕ ಜೀವನ ಹಾಗೂ ಪ್ರವಾಸಗಳ ಕಥನವನ್ನು, ಗೆಳೆಯನೊಬ್ಬನಿಗೆ ಬರೆದ ಪತ್ರಗಳ ರೂಪದಲ್ಲಿ, ಎರಡು ಸಂಪುಟಗಳಲ್ಲಿ ಪ್ರಕಟಿಸಿದ. ಭಾರತೀಯನೊಬ್ಬ ಇಂಗ್ಲಿಷ್‌ನಲ್ಲಿ ಬರೆದು ಪ್ರಕಟಿಸಿದ ಮೊದಲ ಪುಸ್ತಕವೆಂದು ಅದನ್ನು ಇಂದು ಗುರುತಿಸಲಾಗುತ್ತದೆ. ಭಾರತವನ್ನು ಕುರಿತು ಯುರೋಪಿಯನ್ನರೇ ಬರೆಯುತ್ತಿದ್ದ ಕಾಲದಲ್ಲಿ ಆತ ಮುಸ್ಲಿಮರ ಮದುವೆ, ಶವಸಂಸ್ಕಾರ, ಊರುಕೇರಿಗಳ ವರ್ಣನೆಯನ್ನು ಒಳಗಿನವನಾಗಿ ಬರೆದ. ಆದರೆ ಅದೇ ಪುಸ್ತಕದಲ್ಲಿ ಕಂಪೆನಿಯ ಸೇನೆಯ ಹೆಗ್ಗಳಿಕೆಯೂ ಇದೆ; ಇಂಗ್ಲಿಷ್ ಪ್ರವಾಸಿಗರಿಂದ ಎತ್ತಿಕೊಂಡ ಕೆಲವು ಭಾಗಗಳೂ ಇವೆ. ಪುಸ್ತಕದ ಆರಂಭದಲ್ಲಿರುವ ಚಿತ್ರದಲ್ಲಿ ಆತ ಯುರೋಪಿಯನ್ ಸಭ್ಯಸ್ಥನ ಉಡುಪಿನಲ್ಲಿದ್ದಾನೆ. ಚಂದಾ ಕೊಟ್ಟು ಪುಸ್ತಕ ಕೊಳ್ಳುವ ಐರಿಶ್ ಗಣ್ಯರೆದುರು ತಾನು ಅವರಲ್ಲೊಬ್ಬನೆಂದು ತೋರಿಸಿಕೊಳ್ಳುವುದು ಅಂದಿನ ಅಗತ್ಯವಾಗಿತ್ತು.

ನಂತರ ಕುಟುಂಬ ಲಂಡನ್ನಿಗೆ ಬಂತು. ಭಾರತದಲ್ಲಿ ಸಂಪತ್ತು ಗಳಿಸಿ ಹಿಂದಿರುಗಿದ್ದ ಬೇಸಿಲ್ ಕಾಕ್ರೇನ್ ಎಂಬ ಶ್ರೀಮಂತನ ಹಬೆಸ್ನಾನ ಗೃಹದಲ್ಲಿ ಆತ ಕೆಲಸ ಮಾಡಿದ. 1810ರಲ್ಲಿ ಜಾರ್ಜ್ ಸ್ಟ್ರೀಟಿನಲ್ಲಿ ಹಿಂದೂಸ್ತಾನಿ ಕಾಫಿ ಹೌಸ್ ತೆರೆದ. ಹೆಸರಿಗೆ ಕಾಫಿ ಹೌಸ್ ಆದರೂ ಅಲ್ಲಿದ್ದುದು ಭಾರತೀಯ ಶೈಲಿಯ ಊಟ, ಹುಕ್ಕಾ ಮತ್ತು ಬೆತ್ತದ ಕುರ್ಚಿಗಳು. ಭಾರತದಿಂದ ಮರಳಿದ ಕಂಪೆನಿಯ ಅಧಿಕಾರಿಗಳೇ ಆತನ ನಿರೀಕ್ಷೆಯ ಗಿರಾಕಿಗಳು. ಅವರಲ್ಲಿ ಹಣವಿದ್ದವರ ಮನೆಯಲ್ಲೇ ಭಾರತೀಯ ಅಡುಗೆ ದೊರೆಯುತ್ತಿತ್ತು. ಉಳಿದ ಲಂಡನ್ನಿಗರಿಗೆ ಹೊರಗೆ ಹೋಗಿ ಇಂತಹ ಊಟ ಮಾಡುವ ಅಭ್ಯಾಸ ಇನ್ನೂ ಬಂದಿರಲಿಲ್ಲ. 1812ರಲ್ಲಿ ಆತ ದಿವಾಳಿಯಾದ. ಮರುವರ್ಷ, ಐವತ್ತು ದಾಟಿದ ಈ ಲೇಖಕ ಸೇವಕನ ಕೆಲಸ ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತು ನೀಡಬೇಕಾಯಿತು.

ಅಲ್ಲಿಂದ ಆತನನ್ನು ಎತ್ತಿದ್ದು ಬ್ರೈಟನ್. ಅದು ಸಮುದ್ರಸ್ನಾನಕ್ಕೆಂದು ಸಿರಿವಂತರು ಬಂದು ತಂಗುತ್ತಿದ್ದ ಊರು. ಅಲ್ಲಿ ಜಾನ್ ನ್ಯಾಶ್ ಎಂಬ ವಾಸ್ತುಶಿಲ್ಪಿ ಮುಂದೆ ನಾಲ್ಕನೆಯ ಜಾರ್ಜ್ ಎನಿಸಿದ ರಾಜಕುಮಾರನಿಗಾಗಿ, 1815ರಿಂದ 1822ರವರೆಗೆ, ಹೊರಗೆ ಭಾರತೀಯ ಗುಮ್ಮಟಗಳೂ ಒಳಗೆ ಚೀನಿ ಅಲಂಕಾರವೂ ಇರುವ ಅರಮನೆಯನ್ನು ಕಟ್ಟುತ್ತಿದ್ದ. ಪೂರ್ವದೇಶಗಳ ಬಗೆಗಿನ ಈ ಮೋಹವೇ ದೀನ್ ಮಹಮ್ಮದನಿಗೆ ಬಂಡವಾಳವಾಯಿತು. ಆತನ ಸ್ನಾನಗೃಹದಲ್ಲಿ ರೋಗಿಯನ್ನು ಮೊದಲು ಮೂಲಿಕೆಗಳ ಹಬೆಯಲ್ಲಿ ಬೆವರಿಸಲಾಗುತ್ತಿತ್ತು. ಬಳಿಕ ಫ್ಲಾನೆಲ್ ಬಟ್ಟೆಯ ಡೇರೆಯಲ್ಲಿ ಕೂರಿಸಿ, ಡೇರೆಗೆ ಹೊಲಿದ ತೋಳುಗಳ ಮೂಲಕ ಹೊರಗಿನಿಂದ ಕೈಹಾಕಿ ಅಂಗಮರ್ದನ ಮಾಡಲಾಗುತ್ತಿತ್ತು. ಒತ್ತು ಎಂಬ ಅರ್ಥದ ಹಿಂದಿಯ ಚಾಂಪೋ ಪದದಿಂದ ಬಂದ ಶಾಂಪೂಗೆ ಆಗ ಇದ್ದ ಅರ್ಥ ಅದೇ. ಮಹಿಳೆಯರ ವಿಭಾಗದ ಹೊಣೆ ಆತನ ಪತ್ನಿಯದು. ಗುಣಮುಖರಾದವರು ಬಿಟ್ಟುಹೋದ ಊರುಗೋಲುಗಳನ್ನು ಗಿರಾಕಿಗಳಿಗೆ ಕಾಣುವಂತೆ ಇಡಲಾಗಿತ್ತು. ನಾಲ್ಕನೆಯ ಜಾರ್ಜ್ ಮತ್ತು ನಾಲ್ಕನೆಯ ವಿಲಿಯಂ ಇಬ್ಬರಿಗೂ ಆತ ಅಧಿಕೃತ ಶಾಂಪೂ ವೈದ್ಯನಾದ.

ಈ ಏಳಿಗೆಗೆ ಒಂದು ಬೆಲೆಯಿತ್ತು. 1822ರಲ್ಲಿ ತನ್ನ ಚಿಕಿತ್ಸೆಯ ಬಗ್ಗೆ ಬರೆದ ಪುಸ್ತಕದಲ್ಲಿ ಆತ ತನ್ನ ಜನ್ಮವರ್ಷವನ್ನು 1749ಕ್ಕೆ ಹಿಂದೂಡಿದ. ಭಾರತದಲ್ಲಿ ವೈದ್ಯಶಿಕ್ಷಣ ಪಡೆದಿದ್ದಾಗಿ ಹೇಳಿಕೊಂಡ. ಹದಿಹರೆಯವನ್ನೆಲ್ಲ ಸೇನಾ ಶಿಬಿರಗಳಲ್ಲಿ ಕಳೆದವನಿಗೆ ಅಂತಹ ಶಿಕ್ಷಣ ದೊರೆತಿರಲಿಲ್ಲ. ಅದಕ್ಕೆ ಬೇಕಾದ ವರ್ಷಗಳನ್ನು ಒದಗಿಸಲೆಂದೇ ಹತ್ತು ವರ್ಷ ಹೆಚ್ಚಿಸಿದ್ದಿರಬೇಕು. ಈ ಹಂತದಲ್ಲಿ ಆತ ಸಮಾರಂಭಗಳಿಗೆ ಧರಿಸುತ್ತಿದ್ದುದು ಮೊಘಲ್ ಆಸ್ಥಾನದ ಉಡುಪನ್ನು ಹೋಲುವ ದಿರಿಸು. ಭಾರತವನ್ನು ಬಿಟ್ಟು ಹತ್ತು ವರ್ಷವಾಗಿದ್ದಾಗ ಇಂಗ್ಲಿಷ್ ಕೋಟು ತೊಟ್ಟವನು, ಭಾಷೆ, ಧರ್ಮ, ಸಂಸಾರಗಳೆಲ್ಲದರಲ್ಲೂ ಇಂಗ್ಲೆಂಡಿನವನಾದ ಮೇಲೆ ಭಾರತೀಯನಂತೆ ಉಡತೊಡಗಿದ. ಆತನ ಕೈಗುಣಕ್ಕಿಂತ ಆತನ ದೂರದೇಶಕ್ಕೆ ಹೆಚ್ಚು ಬೆಲೆಯಿದ್ದುದರಿಂದ ಆ ದೂರವನ್ನು ಕಾಪಾಡಿಕೊಳ್ಳುವುದು ವ್ಯಾಪಾರಕ್ಕೆ ಅನಿವಾರ್ಯವಾಗಿತ್ತು.

ಮಿಶ್ರ ಅಸ್ಮಿತೆಯನ್ನು ಕುರಿತ ನಮ್ಮ ಚರ್ಚೆಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಅಂಶ ಇದು. ಸಂಸ್ಕೃತಿಗಳು ಬೆರೆಯುವ ಪಾತ್ರೆ ಸಮತಟ್ಟಾಗಿರುವುದಿಲ್ಲ. ಯಾವ ಭಾಗ ಎಷ್ಟು ಬೆರೆಯಬೇಕು, ಯಾವುದು ಎದ್ದು ಕಾಣಬೇಕು, ಯಾವುದು ಅಡಗಿರಬೇಕು ಎಂಬುದನ್ನು ಹೆಚ್ಚಿನ ಸಂದರ್ಭಗಳಲ್ಲಿ ಕೊಳ್ಳುವವನು ನಿರ್ಧರಿಸುತ್ತಾನೆ. 2000ದ ದಶಕದಲ್ಲಿ ಬೆಂಗಳೂರಿನ ಕಾಲ್ ಸೆಂಟರ್‌ಗಳಲ್ಲಿ ನಮ್ಮ ಮಕ್ಕಳು ರಾತ್ರಿಪಾಳಿಗೆ ಇಂಗ್ಲಿಷ್ ಹೆಸರಿಟ್ಟುಕೊಂಡು, ಉಚ್ಚಾರಣೆ ತಿದ್ದಿಕೊಂಡು ಮಾತನಾಡಿದ್ದನ್ನು ನೆನೆಯಬಹುದು. ದೀನ್ ಮಹಮ್ಮದ್ ತನ್ನ ಭಾರತೀಯತೆಯನ್ನು ಹಿಗ್ಗಿಸಿ ಮಾರಬೇಕಾಯಿತು. ಈ ಮಕ್ಕಳು ಅದನ್ನು ಮುಚ್ಚಿಡಬೇಕಾಯಿತು. ಎರಡೂ ಕಡೆ ಅಳತೆಗೋಲು ಗಿರಾಕಿಯ ಕೈಯಲ್ಲಿತ್ತು.

ಹಾಗೆಂದು ಆತನನ್ನು ಕೇವಲ ಬಲಿಪಶುವೆಂದು ನೋಡುವುದೂ ಸರಿಯಲ್ಲ. ದಿವಾಳಿಯಿಂದ ಎದ್ದು, ಎರಡನೆಯ ನಾಡಿನಲ್ಲಿ ಮೂರನೆಯ ವೃತ್ತಿಯನ್ನು ಕಟ್ಟಿಕೊಂಡ ಜಾಣ್ಮೆ, ಛಲ ಆತನದೇ. ರಾಣಿ ವಿಕ್ಟೋರಿಯಾ ಕಾಲಕ್ಕೆ ಬ್ರೈಟನ್‌ನಿಂದ ರಾಜಾಶ್ರಯ ದೂರವಾಯಿತು. ಅನುಕರಿಸುವ ಸ್ನಾನಗೃಹಗಳು ಹೆಚ್ಚಿದವು. 1851ರ ಫೆಬ್ರುವರಿಯಲ್ಲಿ ತೀರಿಕೊಳ್ಳುವ ಹೊತ್ತಿಗೆ ಆತನ ಹೆಸರು ಮಾಸಿತ್ತು. ಆತನ ಮೊಮ್ಮಗ, 1849ರಲ್ಲಿ ಹುಟ್ಟಿದ ಫ್ರೆಡರಿಕ್ ಹೆನ್ರಿ ಹೊರೇಷಿಯೊ ಅಕ್ಬರ್ ಮಹಮ್ಮದ್, ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯನಾಗಿ ಅಧಿಕ ರಕ್ತದೊತ್ತಡದ ಅಧ್ಯಯನಕ್ಕೆ ಬುನಾದಿ ಹಾಕಿದವರಲ್ಲಿ ಒಬ್ಬನಾದ. ತಾತ ಹೇಳಿಕೊಂಡಿದ್ದ ವೈದ್ಯಶಿಕ್ಷಣ ಮೊಮ್ಮಗನಲ್ಲಿ ನಿಜವಾಯಿತು. ಆತ ಅದಕ್ಕಾಗಿ ಭಾರತೀಯ ದಿರಿಸು ತೊಡಬೇಕಾಗಲಿಲ್ಲ, ಅಕ್ಬರ್ ಎಂಬ ಹೆಸರನ್ನು ಬಿಡಬೇಕಾಗಲೂ ಇಲ್ಲ.

ಆತನ ಭೋಜನಗೃಹವಿದ್ದ ಬೀದಿಯಲ್ಲಿ 2005ರಲ್ಲಿ ಸ್ಮಾರಕ ಫಲಕವೊಂದನ್ನು ಹಾಕಲಾಯಿತು. ಅಷ್ಟು ಹೊತ್ತಿಗೆ ಭಾರತೀಯ ಊಟ ಬ್ರಿಟನ್ನಿನ ದಿನನಿತ್ಯದ ಊಟವಾಗಿತ್ತು. ಅಂಗಮರ್ದನದ ಪದ ಮಾತ್ರ ಅರ್ಥ ಬದಲಿಸಿಕೊಂಡು, ಕೂದಲು ತೊಳೆಯುವ ದ್ರವದ ಹೆಸರಾಗಿ ನಮಗೇ ಹಿಂದಿರುಗಿದೆ. ವಸ್ತುಗಳು, ಪದಗಳು ಹೀಗೆ ಗಡಿ ದಾಟುವುದು ಸುಲಭ. ದಾಟಿಸಿದ ಮನುಷ್ಯನಿಗೆ ಆ ನಾಡು ಯಾವ ಶರತ್ತಿನ ಮೇಲೆ ಜಾಗ ಕೊಟ್ಟಿತು ಎಂಬುದನ್ನೂ ಜಾಗತೀಕರಣದ ಲಾಭ ನಷ್ಟಗಳ ಲೆಕ್ಕದಲ್ಲಿ ಸೇರಿಸಬೇಕು. ನಮ್ಮ ನಗರಗಳಿಗೆ ದುಡಿಯಲು ಬರುವ ಹೊರಗಿನವರಿಗೆ ನಾವು ವಿಧಿಸುವ ಶರತ್ತುಗಳಿಗೂ ಈ ಮಾತು ಅನ್ವಯಿಸುತ್ತದೆ.