ತ್ರಿವೇಣಿ

ತ್ರಿವೇಣಿ (ಸೆಪ್ಟೆಂಬರ್ 1, 1928 – ಜುಲೈ 29, 1963) ಕನ್ನಡದ ಪ್ರಸಿದ್ಧ ಕಾದಂಬರಿಗಾರ್ತಿ. ಇವರ ನಿಜನಾಮ ಅನಸೂಯಾ ಶಂಕರ್. ದೆವ್ವ, ಗಾಳಿ, ಗ್ರಹಚಾರವೆಂದು ಜನ ನಂಬಿದ್ದ ಅನೇಕ ವಿಕಾರಗಳಿಗೆ ಮನಸ್ಸಿನೊಳಗೇ ಕಾರಣವಿದೆಯೆಂಬುದನ್ನು ಕಥನದ ಮೂಲಕ ಸಾಮಾನ್ಯ ಓದುಗರಿಗೆ ತಿಳಿಸಿದವರಲ್ಲಿ ಇವರು ಪ್ರಮುಖರು.

ಜೀವನ

ಕನ್ನಡ ನವೋದಯದ ಆಚಾರ್ಯಪುರುಷರಾದ ಬಿ. ಎಂ. ಶ್ರೀಕಂಠಯ್ಯನವರು ಇವರ ದೊಡ್ಡಪ್ಪ. ತಂದೆ ಬಿ. ಎಂ. ಕೃಷ್ಣಸ್ವಾಮಿ, ತಾಯಿ ತಂಗಮ್ಮ. ತಂಗಿ ಆರ್ಯಾಂಬ ಪಟ್ಟಾಭಿ ಅವರೂ ಲೇಖಕಿ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನು ಅಭ್ಯಸಿಸಿ ಬಿ.ಎ. ಪದವಿ ಪಡೆದರು. ಅವರ ಬರವಣಿಗೆಗೆ ದಿಕ್ಕು ತೋರಿದ್ದು ಈ ವ್ಯಾಸಂಗವೇ. ಪತಿ ಎಸ್. ಎನ್. ಶಂಕರ್ ಇಂಗ್ಲಿಷ್ ಅಧ್ಯಾಪಕರಾಗಿದ್ದರು.

ಮೊದಲ ಕಾದಂಬರಿ ಅಪಸ್ವರ. ಮುಂದಿನ ಹತ್ತು ವರ್ಷಗಳಲ್ಲಿ ಸುಮಾರು ಇಪ್ಪತ್ತು ಕಾದಂಬರಿಗಳನ್ನೂ ಹೆಂಡತಿಯ ಹೆಸರು, ಎರಡು ಮನಸ್ಸು, ಸಮಸ್ಯೆಯ ಮಗು ಎಂಬ ಮೂರು ಕಥಾಸಂಕಲನಗಳನ್ನೂ ರಚಿಸಿದರು. ಹೆಣ್ಣುಮಗುವಿಗೆ ಜನ್ಮವಿತ್ತ ಕೆಲವೇ ದಿನಗಳಲ್ಲಿ ಕೊನೆಯುಸಿರೆಳೆದರು. ಆಗ ಅವರಿಗೆ ಇನ್ನೂ ಮೂವತ್ತೈದು ತುಂಬಿರಲಿಲ್ಲ. ಬಾಣಂತನದ ಸಂಕಟವನ್ನು ಕಾದಂಬರಿಯ ವಸ್ತುವಾಗಿಸಿದ ಲೇಖಕಿ ಬಾಣಂತಿಯಾಗಿರುವಾಗಲೇ ತೀರಿಕೊಂಡದ್ದು ಓದುಗರನ್ನು ಇಂದಿಗೂ ಕಾಡುತ್ತದೆ.

ಭೀತಿ ಮತ್ತು ಮನಸ್ಸು

ತ್ರಿವೇಣಿಯವರು ಬರೆಯುತ್ತಿದ್ದ ಕಾಲದಲ್ಲಿ ಹೆಂಗಸೊಬ್ಬಳು ಇದ್ದಕ್ಕಿದ್ದಂತೆ ನಗುವುದು, ಅಳುವುದು, ಮಗುವನ್ನು ಹತ್ತಿರ ಸೇರಿಸದಿರುವುದು ಮೊದಲಾದ ಲಕ್ಷಣಗಳನ್ನು ತೋರಿದರೆ ಮನೆಯವರು ಮೊದಲು ಹುಡುಕುತ್ತಿದ್ದುದು ಮಂತ್ರವಾದಿಯನ್ನು. ತಾಯಿತ, ಬೇವಿನ ಸೊಪ್ಪು, ಹರಕೆ ಇವೆಲ್ಲ ಮುಗಿದ ಮೇಲೆ ವೈದ್ಯರ ಸರದಿ. ವೈದ್ಯಕೀಯ ವ್ಯವಸ್ಥೆ ಇರಲಿಲ್ಲವೆಂದಲ್ಲ. ಬೆಂಗಳೂರಿನ ಹೊಸೂರು ರಸ್ತೆಯಲ್ಲಿ, ಇಂದಿನ ಜಯನಗರದ ಸಮೀಪದಲ್ಲಿಯೇ, ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯಿತ್ತು. 1954ರಲ್ಲಿ ಅಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಇವೆರಡೂ 1974ರಲ್ಲಿ ಒಂದುಗೂಡಿ ನಿಮ್ಹಾನ್ಸ್ ಆದವು. ಆದರೂ ಜನರ ಬಾಯಲ್ಲಿ ಅದು ಬಹುಕಾಲ ಹುಚ್ಚಾಸ್ಪತ್ರೆಯಾಗಿಯೇ ಉಳಿಯಿತು. ಅಲ್ಲಿಗೆ ಹೋಗಿಬಂದವರಿಗೆ ದೆವ್ವ ಹಿಡಿದವರಿಗಿಂತ ಹೆಚ್ಚಿನ ಕಳಂಕ ಅಂಟುತ್ತಿತ್ತು.

ಬೆಕ್ಕಿನ ಕಣ್ಣು ಎಂಬ ಹೆಸರು ಕೇಳಿದರೆ ಭೂತದ ಕಥೆಯೆಂದೇ ತೋರುತ್ತದೆ. ಆದರೆ ಅದರಲ್ಲಿ ಭೂತವಿಲ್ಲ; ಮನಸ್ಸಿನಲ್ಲಿ ಬೇರೂರಿದ ಭಯ ವ್ಯಕ್ತಿಯೊಬ್ಬಳ ಬದುಕನ್ನೇ ಆಳುವ ಬಗೆಯಿದೆ. ಪುಟ್ಟಣ್ಣ ಕಣಗಾಲ್ ಇದನ್ನು 1966ರಲ್ಲಿ ಪೂಚ್ಚಕ್ಕಣ್ಣಿ ಎಂಬ ಹೆಸರಿನಲ್ಲಿ ಮಲಯಾಳಂ ಚಿತ್ರವಾಗಿಸಿದರು.

ಶರಪಂಜರ ಇವರ ಅತಿ ಪ್ರಸಿದ್ಧ ಕಾದಂಬರಿ. ಸುಖಸಂಸಾರದ ಗೃಹಿಣಿ ಕಾವೇರಿ ಹೆರಿಗೆಯ ನಂತರ ಮಾನಸಿಕ ಸಮತೋಲನ ಕಳೆದುಕೊಳ್ಳುತ್ತಾಳೆ. ಹಿಂದೆಂದೋ ಮುಚ್ಚಿಟ್ಟ ನೋವು ಪ್ರಲಾಪವಾಗಿ ಹೊರಬರುತ್ತದೆ. ಚಿಕಿತ್ಸೆಯಿಂದ ಗುಣಹೊಂದಿ ಮನೆಗೆ ಮರಳುತ್ತಾಳೆ. ಕಾದಂಬರಿಯ ನಿಜವಾದ ಘೋರ ಆರಂಭವಾಗುವುದು ಅಲ್ಲಿಂದ. ಗಂಡ ಹತ್ತಿರ ಬರಲು ಹಿಂಜರಿಯುತ್ತಾನೆ. ನೆರೆಹೊರೆಯವರು ಅವಳ ಪ್ರತಿಯೊಂದು ನಗುವಿನಲ್ಲಿ, ಕೋಪದಲ್ಲಿ ಹುಚ್ಚಿನ ಗುರುತನ್ನೇ ಅರಸುತ್ತಾರೆ. ಗುಣವಾದವಳನ್ನು ಮತ್ತೆ ಹುಚ್ಚಿಗೆ ತಳ್ಳುವುದು ಯಾವುದೇ ಕ್ಷುದ್ರಶಕ್ತಿಯಲ್ಲ, ಸುತ್ತಲಿನವರ ನೋಟ. ಭಯಾನಕ ಕಾದಂಬರಿಗಳಲ್ಲಿ ಓದುಗನು ರೋಗಿಯನ್ನು ಕಂಡು ಅಂಜುತ್ತಾನೆ. ಇಲ್ಲಿ ರೋಗಿಯ ಪರವಾಗಿ ಮನೆಮಂದಿಗೆ ಅಂಜಬೇಕಾಗುತ್ತದೆ.

ಕೆಲವು ವಿಮರ್ಶಕರು ಇವರ ಬರಹವನ್ನು ಅಡುಗೆಮನೆಯ ಸಾಹಿತ್ಯವೆಂದು ಬದಿಗಿಟ್ಟದ್ದುಂಟು. ಅಡುಗೆಮನೆಯಲ್ಲಿಯೇ ಇಷ್ಟೊಂದು ನಡೆಯುತ್ತಿತ್ತೆಂಬುದನ್ನು ಆ ಮಾತು ಗಮನಿಸಿದಂತಿಲ್ಲ. ಕೆಲವೆಡೆ ಮನಶ್ಶಾಸ್ತ್ರದ ವಿವರಣೆ ಪಾಠದಂತೆ ಕೇಳುವುದು ನಿಜವಾದರೂ, ಅಂದಿನ ಗೃಹಿಣಿಯರಿಗೆ ಆ ಪಾಠ ಬೇರೆಲ್ಲಿಯೂ ದೊರೆಯುವಂತಿರಲಿಲ್ಲ.

ಚಲನಚಿತ್ರಗಳು

ಬೆಳ್ಳಿಮೋಡ (1967), ಹಣ್ಣೆಲೆ ಚಿಗುರಿದಾಗ (1968), ಹೂವು ಹಣ್ಣು (1993) ಇವರ ಕಾದಂಬರಿಗಳನ್ನು ಆಧರಿಸಿವೆ. ಪುಟ್ಟಣ್ಣನವರ ಶರಪಂಜರ 1971ರಲ್ಲಿ ತೆರೆಕಂಡು, ಕನ್ನಡದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಗಳಿಸಿತು. ಕಾವೇರಿಯಾಗಿ ನಟಿಸಿದ ಕಲ್ಪನಾ ಅವರ ಹೆಸರು ಆ ಪಾತ್ರದೊಡನೆ ಬೇರ್ಪಡಿಸಲಾಗದಂತೆ ಬೆಸೆದುಹೋಯಿತು. ಮೈಸೂರಿನ ಚಾಮರಾಜಪುರಂನಲ್ಲಿ ತ್ರಿವೇಣಿಯವರು ವಾಸವಾಗಿದ್ದ ಮನೆ ಈಗ ಅವರ ಸ್ಮಾರಕ ವಸ್ತುಸಂಗ್ರಹಾಲಯವಾಗಿದೆ.